ಅಳೆದರೆ ಉಳಿಯುವ ಜೀವ

ಹೆರಿಗೆಯಾದ ಮೇಲೆ ಒಂದಿಷ್ಟು ರಕ್ತ ಹೋಗುವುದು ಸಹಜ. ಎಷ್ಟು ಹೋದರೆ ಸಹಜ, ಎಷ್ಟಾದರೆ ಅಪಾಯ? ವೈದ್ಯಕೀಯ ಪುಸ್ತಕಗಳಲ್ಲಿ ಇದಕ್ಕೆ ಉತ್ತರವಿದೆ: 24 ಗಂಟೆಯೊಳಗೆ ಅರ್ಧ ಲೀಟರ್ ಅಥವಾ ಅದಕ್ಕಿಂತ ಹೆಚ್ಚು ಹೋದರೆ ಅದು ಅತಿ ರಕ್ತಸ್ರಾವ. ಆದರೆ ಹೆರಿಗೆ ಕೋಣೆಯಲ್ಲಿ ಆ ಅರ್ಧ ಲೀಟರನ್ನು ಅಳೆಯುವವರು ಯಾರು? ರಕ್ತ ಮಂಚದ ಮೇಲಿನ ಬಟ್ಟೆಗೆ ಇಂಗಿರುತ್ತದೆ, ನೆತ್ತಿನೀರಿನ ಜೊತೆ ಬೆರೆತಿರುತ್ತದೆ, ಬಕೆಟ್ಟಿಗೆ ಇಳಿದಿರುತ್ತದೆ, ನೆಲಕ್ಕೂ ಹರಿದಿರುತ್ತದೆ. ಕಣ್ಣಂದಾಜಿನಲ್ಲಿ ಒಂದು ಅಂಕಿ ಬರೆದುಕೊಳ್ಳುವುದೇ ಲೋಕದ ತುಂಬ ನಡೆದುಬಂದ ಪದ್ಧತಿ. ಆ ಕಣ್ಣಂದಾಜನ್ನು ನಂಬಬೇಡಿ ಎಂದು ಹೇಳಿದ ಮಹತ್ವದ ಸಂಶೋಧನೆಗಳಲ್ಲೊಂದು ನಡೆದದ್ದು ನಮ್ಮ ಬೆಳಗಾವಿ ಜಿಲ್ಲೆಯಲ್ಲಿ. ಕನ್ನಡದ ಓದುಗರಲ್ಲಿ ಬಹಳಷ್ಟು ಮಂದಿಗೆ ಈ ಸಂಗತಿ ಗೊತ್ತಿಲ್ಲ.

ದಿನ ತುಂಬಿದ ಗರ್ಭಿಣಿಯ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತಿರುತ್ತದೆ. ಮಗು ಹುಟ್ಟಿ ಮಾಸು ಕಳಚಿಕೊಂಡಾಗ ಅದು ಅಂಟಿಕೊಂಡಿದ್ದ ಜಾಗದಲ್ಲಿ ರಕ್ತನಾಳಗಳ ಬಾಯಿ ತೆರೆದೇ ಇರುತ್ತದೆ. ಅವನ್ನು ಮುಚ್ಚುವ ಮುಖ್ಯ ಕೆಲಸ ಗರ್ಭಕೋಶದ ಸ್ನಾಯುವಿನದು. ಉದ್ದಕ್ಕೆ, ಅಡ್ಡಕ್ಕೆ, ಓರೆಗೆ ಒಂದರೊಳಗೊಂದು ಹೆಣೆದುಕೊಂಡ ಎಳೆಗಳ ನಡುವೆ ಈ ನಾಳಗಳು ಹಾದುಹೋಗುತ್ತವೆ. ಸ್ನಾಯು ಬಿಗಿದುಕೊಂಡರೆ ನಾಳಗಳು ಹಿಸುಕಿಕೊಂಡು ರಕ್ತ ನಿಲ್ಲುತ್ತದೆ. ಹೆರಿಗೆ ಆದ ಕೂಡಲೇ ಸಿಸ್ಟರು ಬಾಣಂತಿಯ ಹೊಟ್ಟೆ ಒತ್ತಿ ನೋಡುವುದು ಇದಕ್ಕೇ. ಹೊಕ್ಕುಳಿನ ಆಸುಪಾಸಿನಲ್ಲಿ ಗಟ್ಟಿಯಾದ ಉಂಡೆ ಕೈಗೆ ಸಿಕ್ಕರೆ ನೆಮ್ಮದಿ. ಮೆತ್ತಗಿದ್ದರೆ ಗರ್ಭಕೋಶ ಸೋತಿದೆ ಎಂದರ್ಥ. ಅತಿ ರಕ್ತಸ್ರಾವದ ಹತ್ತು ಪ್ರಕರಣಗಳಲ್ಲಿ ಸುಮಾರು ಏಳಕ್ಕೆ ಇದೇ ಕಾರಣ. ಚಿಕಿತ್ಸೆ ಸಿಗದಿದ್ದರೆ, ಬೆಳಿಗ್ಗೆ ಚೆನ್ನಾಗಿ ಮಾತಾಡಿಕೊಂಡಿದ್ದ ಹೆಣ್ಣುಮಗಳು ಮಧ್ಯಾಹ್ನದ ಹೊತ್ತಿಗೆ ಇರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ವರ್ಷಕ್ಕೆ ಸುಮಾರು 1 ಕೋಟಿ 40 ಲಕ್ಷ ತಾಯಂದಿರು ಈ ರಕ್ತಸ್ರಾವಕ್ಕೆ ಒಳಗಾಗುತ್ತಾರೆ.

ಗರ್ಭಕೋಶವನ್ನು ಬಿಗಿಗೊಳಿಸುವ ಔಷಧಿ ಹೊಸದೇನಲ್ಲ. ಆಕ್ಸಿಟೋಸಿನ್ ಇಂಜೆಕ್ಷನ್ ದಶಕಗಳಿಂದ ಬಳಕೆಯಲ್ಲಿದೆ, ಇಂದಿಗೂ ಅದೇ ಮೊದಲ ಆಯ್ಕೆ. ಆದರೆ ಅದನ್ನು 2ರಿಂದ 8 ಡಿಗ್ರಿ ತಂಪಿನಲ್ಲಿಡಬೇಕು, ಸೂಜಿ ಬೇಕು, ಸೂಜಿ ಹಾಕಲು ತರಬೇತಾದವರು ಬೇಕು. ಇಪ್ಪತ್ತು ವರ್ಷದ ಹಿಂದೆ ಬೆಳಗಾವಿಯ ಹಳ್ಳಿಗಳಲ್ಲಿ ಎಷ್ಟೋ ಹೆರಿಗೆಗಳು ಮನೆಯಲ್ಲಿ ಅಥವಾ ಉಪಕೇಂದ್ರದಲ್ಲಿ ಎಎನ್‌ಎಂ ಸಿಸ್ಟರ ಕೈಯಲ್ಲಿ ಆಗುತ್ತಿದ್ದವು. ಫ್ರಿಜ್ ಇಲ್ಲ, ಇದ್ದರೆ ಕರೆಂಟಿನ ಭರವಸೆ ಇಲ್ಲ. 108 ಆಂಬುಲೆನ್ಸ್ ರಾಜ್ಯಕ್ಕೆ ಬಂದದ್ದೇ 2008ರಲ್ಲಿ.

ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ವೈದ್ಯರಾದ ಬಿ.ಎಸ್. ಕೊಡ್ಕಣಿ, ಶಿವಪ್ರಸಾದ ಗೌಡರ ಮತ್ತು ಅವರ ಸಂಗಡಿಗರು ಅಮೆರಿಕದ ರಿಚರ್ಡ್ ಡರ್ಮನ್ ಅವರ ಜೊತೆ ಸೇರಿ 2002ರಲ್ಲಿ ಒಂದು ಪ್ರಯೋಗಕ್ಕೆ ಕೈಹಾಕಿದರು. ಅವರು ಆರಿಸಿಕೊಂಡದ್ದು ಮಿಸೊಪ್ರೊಸ್ಟಾಲ್ ಎಂಬ ಮಾತ್ರೆ. ಹೊಟ್ಟೆ ಹುಣ್ಣಿಗೆಂದು ತಯಾರಾದ ಈ ಔಷಧಿಗೆ ಗರ್ಭಕೋಶವನ್ನು ಸಂಕುಚಿಸುವ ಗುಣವೂ ಇದೆ. ಫ್ರಿಜ್ ಬೇಡ, ಸೂಜಿ ಬೇಡ, ನೀರಿನ ಜೊತೆ ನುಂಗಿದರಾಯಿತು. ಹಳ್ಳಿಗಳ 1,620 ಹೆಣ್ಣುಮಕ್ಕಳಲ್ಲಿ 812 ಮಂದಿಗೆ ಹೆರಿಗೆ ಆದ ಕೂಡಲೇ 600 ಮೈಕ್ರೊಗ್ರಾಂ ಮಾತ್ರೆ, ಉಳಿದ 808 ಮಂದಿಗೆ ಅದೇ ರೂಪದ, ಔಷಧಿ ಇಲ್ಲದ ಮಾತ್ರೆ. ಯಾರಿಗೆ ಯಾವುದು ಎಂದು ಕೊಟ್ಟವರಿಗೂ ಗೊತ್ತಿರಲಿಲ್ಲ, ತೆಗೆದುಕೊಂಡವರಿಗೂ ಗೊತ್ತಿರಲಿಲ್ಲ. ಮಾತ್ರೆ ಕೊಟ್ಟವರು ಎಎನ್‌ಎಂ ಸಿಸ್ಟರುಗಳೇ. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಅತಿ ರಕ್ತಸ್ರಾವ 100ಕ್ಕೆ 12ರಿಂದ 6.4ಕ್ಕೆ ಇಳಿದಿತ್ತು; ಒಂದು ಲೀಟರ್ ಮುಟ್ಟುವ ತೀವ್ರ ರಕ್ತಸ್ರಾವ 1.2ರಿಂದ 0.2ಕ್ಕೆ. ಮಾತ್ರೆ ನುಂಗಿದವರಲ್ಲಿ ಹಲವರಿಗೆ ಚಳಿ, ಕೆಲವರಿಗೆ ಜ್ವರ ಬಂದು ಹೋದವು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೆರಿಗೆಯ ರಕ್ತಸ್ರಾವ ತಡೆಯುವ ಸಲುವಾಗಿ ಈ ಮಾತ್ರೆಯನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು.

ಅರ್ಧದಷ್ಟು ಹೆಣ್ಣುಮಕ್ಕಳಿಗೆ ಔಷಧಿಯೇ ಇಲ್ಲದ ಮಾತ್ರೆ ಕೊಟ್ಟದ್ದು ಸರಿಯೇ ಎಂಬ ಪ್ರಶ್ನೆ ಎದ್ದೇ ಏಳುತ್ತದೆ, ಏಳಬೇಕು ಕೂಡ. ಆ ಹಳ್ಳಿಗಳಲ್ಲಿ ಆಗ ಅಂಥ ಹೆರಿಗೆಗಳಿಗೆ ರಕ್ತ ತಡೆಯುವ ಯಾವ ಔಷಧಿಯೂ ಸಿಗುತ್ತಿರಲಿಲ್ಲ ಎಂಬುದು ಸಂಶೋಧಕರ ಸಮರ್ಥನೆ. ನನ್ನ ಮಟ್ಟಿಗೆ ಆ ಸಮರ್ಥನೆ ನಿಲ್ಲುತ್ತದೆ. ಆದರೆ ಅದು ನಮ್ಮ ಆರೋಗ್ಯ ವ್ಯವಸ್ಥೆಯ ಮೇಲಿನ ಆರೋಪವೂ ಹೌದು.

ಈ ಪ್ರಯೋಗಕ್ಕೆ ಒಂದು ಅಡ್ಡಿ ಇತ್ತು. ರಕ್ತ ಎಷ್ಟು ಹೋಯಿತು ಎಂದು ಖಚಿತವಾಗಿ ತಿಳಿಯದೆ ಔಷಧಿ ಕೆಲಸ ಮಾಡಿತೋ ಇಲ್ಲವೋ ಹೇಳುವುದು ಹೇಗೆ? ಅದಕ್ಕೆಂದೇ ಒಂದು ಪ್ಲಾಸ್ಟಿಕ್ ಹಾಳೆ ರೂಪುಗೊಂಡಿತು. ಮಗು ಹುಟ್ಟಿ ನೆತ್ತಿನೀರು ಹರಿದುಹೋದ ಮೇಲೆ ಇದನ್ನು ಬಾಣಂತಿಯ ಸೊಂಟದ ಕೆಳಗೆ ಹಾಸುತ್ತಾರೆ. ಜಾರದಂತೆ ಎರಡು ಪಟ್ಟಿಗಳನ್ನು ಹೊಟ್ಟೆಗೆ ಸಡಿಲವಾಗಿ ಕಟ್ಟುತ್ತಾರೆ. ಹಾಳೆಯ ಕೆಳತುದಿ ಮಂಚದ ಅಂಚಿನಿಂದ ಇಳಿಬಿದ್ದು ಆಲಿಕೆಯ ಆಕಾರದ ಪಾರದರ್ಶಕ ಚೀಲವಾಗುತ್ತದೆ. ಚೀಲದ ಮೇಲೆ ಮಿಲಿಲೀಟರಿನ ಗೆರೆಗಳಿವೆ. ರಕ್ತ ಯಾವ ಗೆರೆ ಮುಟ್ಟಿತು ಎಂದು ಬಾಗಿ ನೋಡಿದರೆ ಮುಗಿಯಿತು. ಹಾಳೆಯ ಅಳತೆಯನ್ನೂ ಕಣ್ಣಂದಾಜನ್ನೂ 123 ಹೆರಿಗೆಗಳಲ್ಲಿ ಹೋಲಿಸಿ ನೋಡಿದಾಗ, ಕಣ್ಣಂದಾಜು 100ಕ್ಕೆ 33ರಷ್ಟು ಕಡಿಮೆ ಹೇಳುತ್ತಿತ್ತು. ಮುಕ್ಕಾಲು ಲೀಟರ್ ಹೋಗಿದ್ದರೂ ಅರ್ಧ ಲೀಟರ್ ಎಂದು ಬರೆದಂತಾಯಿತು. ಇದರಲ್ಲಿ ಸಿಸ್ಟರ ತಪ್ಪೇನೂ ಇಲ್ಲ. ಬಟ್ಟೆಗೆ ಇಂಗಿದ ರಕ್ತವನ್ನು ಅಳೆಯುವ ಶಕ್ತಿ ಯಾರ ಕಣ್ಣಿಗೂ ಇಲ್ಲ.

ಹಾಗಾದರೆ ಹಾಳೆ ಹಾಸಿದ ಮಾತ್ರಕ್ಕೆ ತಾಯಂದಿರು ಉಳಿಯುತ್ತಾರೆಯೇ? ಇಲ್ಲ. ಯುರೋಪಿನ 13 ದೇಶಗಳಲ್ಲಿ 25,000ಕ್ಕೂ ಹೆಚ್ಚು ಹೆರಿಗೆಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇಂಥ ಚೀಲವೊಂದನ್ನೇ ಬಳಸಿದ ಆಸ್ಪತ್ರೆಗಳಿಗೂ ಬಳಸದ ಆಸ್ಪತ್ರೆಗಳಿಗೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಅಳತೆ ಗೊತ್ತಾದ ಮರುಕ್ಷಣ ಏನು ಮಾಡಬೇಕು ಎಂಬುದು ಕೈಗೆ ರೂಢಿಯಾಗಿರಬೇಕು.

ಅದನ್ನು ತೋರಿಸಿಕೊಟ್ಟದ್ದು ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಅರಿ ಕುಮಾರಸ್ವಾಮಿ ಅವರ ಮುಂದಾಳತ್ವದಲ್ಲಿ ಕೆನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ ಮತ್ತು ತಾಂಜಾನಿಯಾದ 80 ಆಸ್ಪತ್ರೆಗಳಲ್ಲಿ ನಡೆದ 'ಇ-ಮೋಟಿವ್' ಪ್ರಯೋಗ. 2,10,132 ಹೆರಿಗೆಗಳನ್ನು ಒಳಗೊಂಡ ಅದರ ಫಲಿತಾಂಶ 2023ರಲ್ಲಿ ಹೊರಬಂತು. ಒಂದು ಗುಂಪಿನ ಆಸ್ಪತ್ರೆಗಳಲ್ಲಿ ಎಂದಿನ ಪದ್ಧತಿ. ಇನ್ನೊಂದು ಗುಂಪಿನಲ್ಲಿ ಗೆರೆ ಹಾಕಿದ ಹಾಳೆ, ಜೊತೆಗೆ ರಕ್ತ ಹೆಚ್ಚಾಯಿತು ಎಂದು ಕಂಡ ಕೂಡಲೇ ಐದೂ ಕೆಲಸ ಒಟ್ಟಿಗೆ: ಗರ್ಭಕೋಶವನ್ನು ನೀವಿ ಗಟ್ಟಿ ಮಾಡುವುದು, ಅದನ್ನು ಬಿಗಿಗೊಳಿಸುವ ಔಷಧಿ, ರಕ್ತ ಹೆಪ್ಪುಗಟ್ಟಿದ್ದು ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್, ಡ್ರಿಪ್, ಹರಿದ ಗಾಯವಿದೆಯೇ ಎಂದು ಪರೀಕ್ಷಿಸಿ ಬೇಕಿದ್ದರೆ ಹಿರಿಯ ವೈದ್ಯರನ್ನು ಕರೆಸುವುದು. ಮೊದಲೆಲ್ಲ ಇವನ್ನು ಒಂದಾದ ಮೇಲೊಂದು ಮಾಡಿ, ಫಲ ಬಂತೇ ಎಂದು ಕಾದು ನೋಡುತ್ತಿದ್ದರು. ಆ ಕಾಯುವಿಕೆಯಲ್ಲೇ ಜೀವ ಹೋಗುತ್ತಿತ್ತು.

ಎಂದಿನ ಪದ್ಧತಿಯ ಆಸ್ಪತ್ರೆಗಳಲ್ಲಿ ಅತಿ ರಕ್ತಸ್ರಾವ ಆದವರಲ್ಲಿ ಅರ್ಧದಷ್ಟು ಮಂದಿಯನ್ನು ಮಾತ್ರ ಗುರುತಿಸಲಾಗಿತ್ತು. ಉಳಿದರ್ಧ ಮಂದಿ ಸಿಬ್ಬಂದಿಯ ಕಣ್ಣೆದುರೇ ಇದ್ದರೂ ಯಾರಿಗೂ ತಿಳಿಯಲಿಲ್ಲ. ಹಾಳೆ ಬಳಸಿದ ಕಡೆ 100ಕ್ಕೆ 93 ಮಂದಿ ಗುರುತಿಗೆ ಸಿಕ್ಕರು. ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯಬೇಕಾದ ಸ್ಥಿತಿ ಅಥವಾ ಅದರಿಂದ ಸಾವು, ಇವು ಮೂರೂ ಸೇರಿ 100 ಹೆರಿಗೆಗಳಿಗೆ 4.3ರಿಂದ 1.6ಕ್ಕೆ ಇಳಿದವು. ತಾಯಂದಿರ ಆರೋಗ್ಯದ ಸಂಶೋಧನೆಯಲ್ಲಿ ಇಷ್ಟು ದೊಡ್ಡ ಇಳಿಕೆ ಅಪರೂಪ. ಅದೂ ಹೊಸ ಔಷಧಿಯೊಂದೂ ಇಲ್ಲದೆ. 2025ರ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಮಾರ್ಗಸೂಚಿಯನ್ನೇ ಬದಲಿಸಿತು. ಅರ್ಧ ಲೀಟರ್ ಆಗುವವರೆಗೆ ಕಾಯಬೇಡಿ, 300 ಮಿಲಿಲೀಟರ್ ಹೋಗಿ ನಾಡಿ ಅಥವಾ ಬಿಪಿಯಲ್ಲಿ ಏರುಪೇರು ಕಂಡರೂ ಚಿಕಿತ್ಸೆ ಶುರು ಮಾಡಿ ಎನ್ನುತ್ತದೆ ಹೊಸ ಸೂಚನೆ.

ಕರ್ನಾಟಕದಲ್ಲಿ ಲಕ್ಷ ಜೀವಂತ ಜನನಗಳಿಗೆ 2004–06ರಲ್ಲಿ 213 ತಾಯಂದಿರು ಸಾಯುತ್ತಿದ್ದರು. 2018–20ರ ಹೊತ್ತಿಗೆ ಅದು 69ಕ್ಕೆ ಇಳಿಯಿತು. ಆಸ್ಪತ್ರೆ ಹೆರಿಗೆ, ಆಶಾ ಕಾರ್ಯಕರ್ತೆಯರ ಓಡಾಟ, ಆಂಬುಲೆನ್ಸ್ ಎಲ್ಲದರ ಪಾಲೂ ಇದರಲ್ಲಿದೆ. ಇನ್ನೂ ಇಳಿಯಬೇಕಾದರೆ ಹೆರಿಗೆ ಕೋಣೆಯ ಒಳಗೆ ಆಗುವ ಕೆಲಸ ಬದಲಾಗಬೇಕು. ಬೆಳಗಾವಿಯಲ್ಲಿ ಇಪ್ಪತ್ತು ವರ್ಷದ ಹಿಂದೆಯೇ ಬಳಸಿ ತೋರಿಸಿದ ಹಾಳೆ ರಾಜ್ಯದ ಪ್ರತಿ ತಾಲ್ಲೂಕು ಆಸ್ಪತ್ರೆ, ಪ್ರತಿ ನರ್ಸಿಂಗ್ ಹೋಮಿನ ಹೆರಿಗೆ ಮಂಚದ ಮೇಲೆ ಇರಲೇಬೇಕು, ಅದನ್ನು ಬಳಸುವ ತರಬೇತಿ ವರ್ಷವರ್ಷವೂ ನಡೆಯಬೇಕು.

ಮನೆಯವರು ಮಾಡಬೇಕಾದದ್ದೂ ಇದೆ. ನಮ್ಮ ರಾಜ್ಯದ ಗರ್ಭಿಣಿಯರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಮೈಯಲ್ಲಿ ರಕ್ತ ಕಡಿಮೆ ಇದ್ದವಳಿಗೆ ಉಳಿದವರು ತಡೆದುಕೊಳ್ಳುವಷ್ಟು ರಕ್ತಸ್ರಾವವೇ ಪ್ರಾಣಕ್ಕೆ ಮುಳುವಾಗಬಹುದು. ತಾಯಿ ಕಾರ್ಡಿನಲ್ಲಿ ಹಿಮೋಗ್ಲೋಬಿನ್ 11ಕ್ಕಿಂತ ಕೆಳಗಿದ್ದರೆ ಒಂಬತ್ತು ತಿಂಗಳಾಗುವವರೆಗೆ ಕಾಯದೆ ವೈದ್ಯರ ಹತ್ತಿರ ಮಾತಾಡಿ. ಕಬ್ಬಿಣಾಂಶದ ಮಾತ್ರೆ ತಪ್ಪಿಸಬೇಡಿ. ಹೆರಿಗೆಗೆ ಸೇರಿಸುವಾಗ ರಕ್ತ ಹೋಗುವುದನ್ನು ಅಳೆಯುತ್ತೀರಾ, ಬೇಕಾದರೆ ರಕ್ತದ ಬಾಟಲಿ ಎಲ್ಲಿಂದ ಬರುತ್ತದೆ ಎಂದು ಕೇಳಿ. ಮಗು ಹುಟ್ಟಿದ ಸಂಭ್ರಮದಲ್ಲಿ ಎಲ್ಲರೂ ತೊಟ್ಟಿಲ ಕಡೆ ತಿರುಗಿಬಿಡಬೇಡಿ. ಮೊದಲ ಎರಡು ಗಂಟೆ ಮನೆಯವರಲ್ಲಿ ಒಬ್ಬರಾದರೂ ಬಾಣಂತಿಯ ಪಕ್ಕದಲ್ಲೇ ಇರಿ. ಬಟ್ಟೆ ಮೇಲಿಂದ ಮೇಲೆ ತೋಯುತ್ತಿದ್ದರೆ, ಆಕೆ ಬಿಳಿಚಿಕೊಂಡು ಬೆವರುತ್ತಿದ್ದರೆ, ತಲೆ ಸುತ್ತುತ್ತಿದೆ ಎಂದರೆ, ಸಂಕೋಚಪಡದೆ ತಕ್ಷಣ ಸಿಸ್ಟರನ್ನು ಕರೆಯಿರಿ.