ಸರಾಸರಿಗೆ ಒಡೆತನವುಂಟೆ?

ಅಂಕೋಲೆಯ ಸುತ್ತಲಿನ ಹಳ್ಳಿಗಳಲ್ಲಿ ಇರುಳೆಲ್ಲ ನಡೆಯುವ ಯಕ್ಷಗಾನವನ್ನು ಇಂದು ಮುಂಬಯಿಯಲ್ಲಿ ನೆಲೆಸಿದ ಅಂಕೋಲೆಯವನು ತನ್ನ ಕೈಯೊಳಗಿನ ಮೊಬೈಲಿನಲ್ಲಿ ಕಾಣಬಲ್ಲನು. ಸಂಪರ್ಕವು ಚೆನ್ನಾಗಿದ್ದಷ್ಟು ಹೊತ್ತು ವೇಷದ ಬಣ್ಣ, ಕಿರೀಟದ ಮಿನುಗು ಎಲ್ಲವೂ ಸೊಗಸಾಗಿಯೇ ತೋರುವುವು. ಸಂಪರ್ಕವು ಸೊರಗಿತೆಂದರೆ ರಂಗಸ್ಥಳದ ಹಿಂದಿನ ಕತ್ತಲು ಒಂದೇ ಸಮನಾಗಿ ಉಳಿಯದೆ ಚೌಕ ಚೌಕವಾಗಿ ಒಡೆಯುತ್ತದೆ. ಕಾರವಾರದ ಕಡಲ ದಂಡೆಯಿಂದ ತೆಗೆದ ಸೂರ್ಯಾಸ್ತದ ಚಿತ್ರದಲ್ಲಿಯೂ ಇದೇ ಪಾಡು. ಕೂರ್ಮಗಡದ ಮೇಲಣ ಆಕಾಶವು ಹೆಂಚು ಹಾಸಿದಂತೆ ಕಾಣುವುದು. ಈ ಹೆಂಚುಗಳ ಸಂದುಗಳನ್ನು ಅಳಿಸುವುದಕ್ಕೆಂದು ಪ್ರತಿಯೊಂದು ಮೊಬೈಲಿನೊಳಗೂ ಒಂದು ಲೆಕ್ಕವು ಎಡೆಬಿಡದೆ ನಡೆದಿರುತ್ತದೆ. ಆ ಲೆಕ್ಕದ ಹಕ್ಕು ಯಾರದು, ಲೆಕ್ಕಕ್ಕೆ ಹಕ್ಕು ಎಂಬುದೇ ಸಲ್ಲುವುದೆ ಎಂಬ ಪ್ರಶ್ನೆಯನ್ನು ನಾವು ಇಲ್ಲಿ ವಿಚಾರಿಸೋಣ.

ಮೊದಲು ಚೌಕಗಳು ಹುಟ್ಟುವ ಬಗೆಯನ್ನು ತಿಳಿಯಬೇಕು. ಇಂದಿನ ಸಾಧಾರಣ ವೀಡಿಯೋದ ಒಂದು ಚಿತ್ರದಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿಗಳಿರುತ್ತವೆ; ಎಂದರೆ 20 ಲಕ್ಷಕ್ಕೂ ಮಿಕ್ಕು. ಒಂದೊಂದು ಚುಕ್ಕಿಯ ಬಣ್ಣವನ್ನು ಬರೆದಿಡಲು 24 ಬಿಟ್‌ಗಳು ಬೇಕು. ಸೆಕೆಂಡಿಗೆ 25 ಚಿತ್ರಗಳೆಂದು ಹಿಡಿದರೆ ಸುಮಾರು 124 ಕೋಟಿ ಬಿಟ್‌ಗಳಾದುವು. ನಮ್ಮ ಮನೆಗೆ ಬರುವ ಪ್ರವಾಹವಾದರೋ ಅನೇಕ ವೇಳೆ ಸೆಕೆಂಡಿಗೆ 50 ಲಕ್ಷ ಬಿಟ್‌ಗಳಷ್ಟೇ. ಇನ್ನೂರೈವತ್ತು ಪಾಲಿನಲ್ಲಿ ಒಂದು ಪಾಲನ್ನು ಇಟ್ಟುಕೊಂಡು ಮಿಕ್ಕುದನ್ನು ಬಿಟ್ಟರೂ ಕಣ್ಣಿಗೆ ಕೊರತೆ ತೋರಬಾರದು. ಇದೇ ವೀಡಿಯೋ ಸಂಕೋಚನದ ಸಮಸ್ಯೆ.

ಇದಕ್ಕೆ ಅಡಿಗಲ್ಲನ್ನು ಇಟ್ಟವರಲ್ಲಿ ಮುಖ್ಯರಾದವರು ಕನ್ನಡನಾಡಿನಲ್ಲಿಯೇ ಹುಟ್ಟಿದವರೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ನಾಸಿರ್ ಅಹಮದ್ ಅವರು 1940ರಲ್ಲಿ ಬೆಂಗಳೂರಿನಲ್ಲಿ ಜನಿಸಿ, ಅಲ್ಲಿಯ ಎಂಜಿನಿಯರಿಂಗ್ ಕಾಲೇಜಿನಲ್ಲಿ 1961ರಲ್ಲಿ ಪದವಿಯನ್ನು ಪಡೆದು ಅಮೇರಿಕೆಗೆ ಹೋದರು. ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಡಗೂಡಿ ಅವರು 1974ರ ಜನವರಿಯಲ್ಲಿ ಪ್ರಕಟಿಸಿದ ಕಿರುಲೇಖನವೇ 'ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್' ಎಂಬ ವಿಧಾನದ ಮೂಲ. ಚಿತ್ರವನ್ನು 8 ಚುಕ್ಕಿ ಉದ್ದ, 8 ಚುಕ್ಕಿ ಅಗಲದ ಚೌಕಗಳಾಗಿ ಕತ್ತರಿಸಿ, ಒಂದು ಚೌಕದ 64 ಸಂಖ್ಯೆಗಳನ್ನು ಬೇರೆ 64 ಸಂಖ್ಯೆಗಳಾಗಿ ಮಾರ್ಪಡಿಸುವುದೇ ಇದರ ಬಳಕೆಯ ರೀತಿ. ಹೊಸ ಸಂಖ್ಯೆಗಳಲ್ಲಿ ಮೊದಲನೆಯದು ಇಡಿಯ ಚೌಕದ ಸರಾಸರಿ ಹೊಳಪನ್ನು ಹೇಳುತ್ತದೆ. ಉಳಿದವು ನಿಧಾನವಾದ ಏರಿಳಿತದಿಂದ ಮೊದಲ್ಗೊಂಡು ಸೂಕ್ಷ್ಮವಾದ ಏರಿಳಿತದವರೆಗೆ ಒಂದೊಂದನ್ನು ಹೇಳುತ್ತವೆ. ಆಕಾಶದಂಥ ನಯವಾದ ಭಾಗದಲ್ಲಿ ಸೂಕ್ಷ್ಮದ ಸಂಖ್ಯೆಗಳು ಸೊನ್ನೆಗೆ ಸಮೀಪವಾಗಿರುವುದರಿಂದ ಅವನ್ನು ಬಿಟ್ಟರೆ ನಷ್ಟವು ಅತ್ಯಲ್ಪ.

ನಷ್ಟವು ಅಲ್ಪವಾದರೂ ಅದು ತೋರುವುದು ಚೌಕಗಳ ಸಂದಿನಲ್ಲಿಯೇ. ಪ್ರತಿಯೊಂದು ಚೌಕವನ್ನೂ ನೆರೆಯ ಚೌಕದ ಗೊಡವೆಯಿಲ್ಲದೆ ಒರಟಾಗಿ ಎಣಿಸಿರುತ್ತೇವಷ್ಟೆ. ಸಂಜೆಯ ಆಕಾಶದ ಒಂದು ಸಾಲಿನಲ್ಲಿ ಹೊಳಪು 100, 101, 102 ಎಂದು ಮೆಲ್ಲಮೆಲ್ಲನೆ 115ರವರೆಗೆ ಏರುತ್ತದೆಂದು ಭಾವಿಸೋಣ. ಎಡಚೌಕದಲ್ಲಿ ಸರಾಸರಿಯೊಂದೇ ಉಳಿದು ಅದೆಲ್ಲವೂ 104 ಆಯಿತು. ಬಲಚೌಕವೆಲ್ಲವೂ 112 ಆಯಿತು. ಮೊದಲು ಇಳಿಜಾರಿದ್ದಲ್ಲಿ ಈಗ ಎಂಟರಷ್ಟು ಎತ್ತರದ ಮೆಟ್ಟಿಲು! ಕಣ್ಣು ಇಂಥ ಮೆಟ್ಟಿಲನ್ನು ಕೂಡಲೆ ಹಿಡಿಯುತ್ತದೆ. ಇದನ್ನು ನಯಗೊಳಿಸುವ ಲೆಕ್ಕಕ್ಕೆ ಫಿಲ್ಟರು ಎಂದು ಹೆಸರು. ಹಾಲು ಸೋಸುವ ಬಟ್ಟೆಗೂ ಇದಕ್ಕೂ ಹೆಸರಿನ ನಂಟಷ್ಟೇ ಎಂದು ಭಾವಿಸಬಾರದು. ಇಲ್ಲಿಯೂ ಬೇಕಾದ ಏರಿಳಿತವನ್ನು ಬಿಟ್ಟು ಬೇಡವಾದುದನ್ನು ತಡೆಯುವುದೇ ಕೆಲಸ. ಅತ್ಯಂತ ಸರಳವಾದ ಫಿಲ್ಟರು ಹೀಗಿದೆ: ಒಂದು ಚುಕ್ಕಿಯ ಎರಡರಷ್ಟಕ್ಕೆ ಎಡಬಲದ ಚುಕ್ಕಿಗಳನ್ನು ಒಂದೊಂದರಷ್ಟು ಕೂಡಿಸಿ ನಾಲ್ಕರಿಂದ ಭಾಗಿಸುವುದು. ಸಂದಿನ ಎಡಗಡೆಯ 104 ಆಗ 106 ಆಗುವುದು. ಬಲಗಡೆಯ 112 ಆಗ 110 ಆಗುವುದು. ಮೆಟ್ಟಿಲು ಎಂಟರಿಂದ ನಾಲ್ಕಕ್ಕೆ ಇಳಿಯಿತು.

ಇಷ್ಟೇ ಆಗಿದ್ದರೆ ಈ ಲೇಖನವನ್ನು ಬರೆಯುವ ಕಾರಣವಿರಲಿಲ್ಲ. ಅದೇ ಆಕಾಶಕ್ಕೆ ಎದುರಾಗಿ ಮೀನುದೋಣಿಯೊಂದರ ಕಪ್ಪು ಕೂವೆಮರವು ನಿಂತಿದೆ, ಅದರ ಅಂಚು ಚೌಕಗಳ ಸಂದಿನಲ್ಲಿಯೇ ಬಿದ್ದಿದೆ ಎನ್ನೋಣ. ಒಂದು ಕಡೆ 40, ಇನ್ನೊಂದು ಕಡೆ 200. ಮೇಲಿನ ಲೆಕ್ಕವನ್ನೇ ಇಲ್ಲಿ ಹೂಡಿದರೆ ಅವು 80 ಮತ್ತು 160 ಆಗಿ ಕೂವೆಮರವು ಮಸಿ ಒರಸಿದಂತಾಗುವುದು. ಒಂದು ಮೆಟ್ಟಿಲು ಸಂಕೋಚನದ ದೋಷ, ಇನ್ನೊಂದು ಮೆಟ್ಟಿಲು ಜಗತ್ತಿನಲ್ಲಿಯೇ ಇರುವ ಸತ್ಯ. ಯಂತ್ರಕ್ಕೆ ಕಾಣುವುದು ಮಾತ್ರ ಎರಡೂ ಸಂಖ್ಯೆಗಳೇ. ಇವನ್ನು ಬೇರ್ಪಡಿಸುವ ಉಪಾಯದಲ್ಲಿಯೇ ಜಾಣ್ಮೆಯೆಲ್ಲ ಅಡಗಿದೆ. 2003ರಲ್ಲಿ ಸಿದ್ಧವಾದ ಎಚ್.264 ಎಂಬ ಅಂತರರಾಷ್ಟ್ರೀಯ ಮಾನಕದಲ್ಲಿ ಅದನ್ನು ಹೀಗೆ ಬಿಡಿಸಿದ್ದಾರೆ: ಚಿತ್ರವನ್ನು ಎಷ್ಟು ಒರಟಾಗಿ ಎಣಿಸಿದೆಯೆಂಬುದು ಯಂತ್ರಕ್ಕೆ ಗೊತ್ತಿದೆ. ಆ ಒರಟುತನದಿಂದ ಹುಟ್ಟಬಹುದಾದಷ್ಟೇ ಎತ್ತರದ ಮೆಟ್ಟಿಲಾದರೆ ಅದನ್ನು ನಯಗೊಳಿಸು. ಅದನ್ನು ಮೀರಿದ್ದಾದರೆ ನಿಜವಾದ ಅಂಚೆಂದು ತಿಳಿದು ಮುಟ್ಟದಿರು. ಇದಲ್ಲದೆ ಪ್ರತಿ ಸಂದಿಗೂ ಸೊನ್ನೆಯಿಂದ ನಾಲ್ಕರವರೆಗೆ ಒಂದು ಬಲವನ್ನು ಗೊತ್ತುಮಾಡಿ, ಅದಕ್ಕೆ ತಕ್ಕಂತೆ ಹೆಚ್ಚು ಕಡಮೆ ಸವರುವರು. ಹೀಗೆ ಸವರಿದ ಚಿತ್ರವನ್ನೇ ಮುಂದಿನ ಚಿತ್ರವನ್ನು ಊಹಿಸುವುದಕ್ಕೂ ಬಳಸುವುದರಿಂದ, ಕಳುಹಿಸುವ ಯಂತ್ರವೂ ಪಡೆಯುವ ಯಂತ್ರವೂ ಒಂದೇ ಫಿಲ್ಟರನ್ನು ಅಕ್ಷರಶಃ ಒಂದೇ ಬಗೆಯಲ್ಲಿ ನಡೆಸಬೇಕು. ಒಬ್ಬನು ತನಗೆ ಬೇಡವೆಂದು ಬಿಟ್ಟರೆ ತಪ್ಪು ಚಿತ್ರದಿಂದ ಚಿತ್ರಕ್ಕೆ ಬೆಳೆಯುತ್ತ ಹೋಗುವುದು. ಮೊಬೈಲನ್ನು ತಯಾರಿಸುವವನಿಗೆ ಇದರಿಂದ ತಪ್ಪಿಸಿಕೊಳ್ಳುವ ದಾರಿಯಿಲ್ಲ. ಆ ಫಿಲ್ಟರಿಗೆ ಒಡೆಯನಿದ್ದರೆ ಅವನಿಗೆ ಸಲ್ಲಿಸಬೇಕಾದುದನ್ನು ಸಲ್ಲಿಸಲೇಬೇಕು.

ಒಡೆತನದ ಮಾತು ಇಲ್ಲಿ ಬಂದಿತು. ಅಂಕೋಲೆಯವರಿಗೆ ಈ ಬಗೆಯ ಹಕ್ಕು ಹೊಸತಲ್ಲ. ಅವರ ಕರಿ ಇಶಾಡು ಮಾವಿಗೆ 2023ರಲ್ಲಿ ಭೌಗೋಳಿಕ ಗುರುತು ದೊರೆತಿದೆ. ಆದರೆ ಅದು ನೆಲಕ್ಕೂ ಬಹುಕಾಲದ ರೂಢಿಗೂ ಸಂದ ಹಕ್ಕು. ಪೇಟೆಂಟು ಇದಕ್ಕೆ ತೀರ ವಿರುದ್ಧವಾದುದು: ವಸ್ತುವು ಹಿಂದೆ ಎಲ್ಲಿಯೂ ಇರಕೂಡದು. ಹೊಸದನ್ನು ಕಂಡುಹಿಡಿದವನು ತನ್ನ ಗುಟ್ಟನ್ನು ಪೂರ್ತಿಯಾಗಿ ಬರೆದು ಬಹಿರಂಗಪಡಿಸಬೇಕು. ಅದಕ್ಕೆ ಪ್ರತಿಯಾಗಿ ಸರಕಾರವು ಅರ್ಜಿಯ ದಿನದಿಂದ 20 ವರ್ಷಗಳ ಏಕಸ್ವಾಮ್ಯವನ್ನು ಕೊಡುವುದು. ಕಾರವಾರದವರು ಅರ್ಜಿಯನ್ನು ಸಲ್ಲಿಸಬೇಕಾದುದು ಚೆನ್ನೈಯ ಪೇಟೆಂಟು ಕಚೇರಿಗೆ. ಕಾಳಿ ನದಿಯನ್ನು ದಾಟಿ, ಮಾಜಾಳಿಯ ಆಚೆ ಗೋವೆಯ ಗಡಿಯೊಳಗೆ ಕಾಲಿಟ್ಟರೆ ಅದೇ ಅರ್ಜಿಯು ಮುಂಬಯಿಗೆ ಹೋಗುವುದೆಂಬುದು ಒಂದು ವಿನೋದ.

ಅರ್ಜಿಯನ್ನು ಕೈಗೆತ್ತಿಕೊಂಡ ಪರೀಕ್ಷಕನ ಮುಂದೆ 1970ರ ಪೇಟೆಂಟು ಕಾಯಿದೆಯ 3ನೆಯ ಕಲಮಿನ 'ಕೆ' ಉಪಕಲಮು ನಿಂತಿರುತ್ತದೆ. ಗಣಿತದ ವಿಧಾನ, ವ್ಯಾಪಾರದ ವಿಧಾನ, ಕೇವಲ ಗಣಕಯಂತ್ರದ ಪ್ರೋಗ್ರಾಂ ಆಗಿರುವಂಥದು, ಅಲ್ಗಾರಿದಮ್ ಇವು ಯಾವುವೂ ಪೇಟೆಂಟಿಗೆ ಯೋಗ್ಯವಾದ ಆವಿಷ್ಕಾರಗಳಲ್ಲವೆಂದು ಅದು ಸಾರುತ್ತದೆ. 2002ರ ತಿದ್ದುಪಡಿಯಿಂದ ಬಂದ ಈ ಮಾತನ್ನು ಸಡಿಲಿಸಲು 2004ರ ಸುಗ್ರೀವಾಜ್ಞೆಯಲ್ಲಿ ಯತ್ನ ನಡೆದಿತ್ತು. 2005ರ ಕಾಯಿದೆಯಲ್ಲಿ ಪಾರ್ಲಿಮೆಂಟು ಅದನ್ನು ಕೈಬಿಟ್ಟಿತು. ಹಾಗಾದರೆ ಎರಡರಿಂದ ಗುಣಿಸಿ ನಾಲ್ಕರಿಂದ ಭಾಗಿಸುವುದು ಗಣಿತವಲ್ಲದೆ ಮತ್ತೇನು?

ಈ ಪ್ರಶ್ನೆಯು ಚಿತ್ರದ ಫಿಲ್ಟರಿನ ಸಂಬಂಧದಲ್ಲಿಯೇ ಬೇರೊಂದು ನೆಲದಲ್ಲಿ ಇತ್ಯರ್ಥವಾದ ಪ್ರಸಿದ್ಧ ಪ್ರಸಂಗವಿದೆ. ವೈಕಾಂ ಎಂಬ ಕಂಪನಿಯು ಚಿತ್ರಗಳನ್ನು ಅಂಕೆಗಳ ಮೂಲಕ ಫಿಲ್ಟರು ಮಾಡುವ ವಿಧಾನವೊಂದನ್ನು ಯೂರೋಪಿನ ಪೇಟೆಂಟು ಕಚೇರಿಯ ಮುಂದಿಟ್ಟಿತು. ತೂಕಗಳ ದೊಡ್ಡ ಪಟ್ಟಿಯ ಬದಲು ಸಣ್ಣ ಪಟ್ಟಿಯನ್ನೇ ಮತ್ತೆ ಮತ್ತೆ ಹಾಯಿಸಿ ಲೆಕ್ಕದ ಶ್ರಮವನ್ನು ಉಳಿಸುವುದು ಅದರ ತಿರುಳು. ಪರೀಕ್ಷಕರು ಇದು ಗಣಿತವೆಂದು ತಿರಸ್ಕರಿಸಿದರು. ಮೇಲ್ಮನವಿಯ ಮಂಡಲಿಯು 1986ರ ಜುಲೈ 15ರಂದು ಬೇರೆ ರೀತಿಯಾಗಿ ತೀರ್ಮಾನಿಸಿತು: ಗಣಿತವು ಸಂಖ್ಯೆಗಳಿಂದ ಹೊರಟು ಸಂಖ್ಯೆಗಳಲ್ಲಿಯೇ ಮುಗಿಯುವುದು, ಈ ವಿಧಾನವಾದರೋ ವಿದ್ಯುತ್ ಸಂಕೇತವಾಗಿ ಸಂಗ್ರಹಿಸಿಟ್ಟ ಚಿತ್ರವೆಂಬ ಭೌತಿಕ ವಸ್ತುವಿನಲ್ಲಿ ಮಾರ್ಪಾಡನ್ನು ಉಂಟುಮಾಡುತ್ತದೆ. 'ಅಂಕೆಗಳ ಸಾಲು' ಎಂದು ಬರೆದಲ್ಲಿ ಗಣಿತವಾದುದು, 'ಚಿತ್ರ' ಎಂದು ಬರೆದಲ್ಲಿ ತಂತ್ರವಾಯಿತು. ಇದು ಬರಿಯ ಮಾತಿನ ಚಮತ್ಕಾರವೆಂದು ಟೀಕಿಸುವವರೂ ಉಂಟು. ಅವರ ಟೀಕೆಯಲ್ಲಿ ಹುರುಳಿಲ್ಲವೆಂದು ನಾವು ಹೇಳಲಾರೆವು. ಆ ತೀರ್ಪು ನಮ್ಮ ದೇಶವನ್ನು ಕಟ್ಟುವುದಿಲ್ಲವಾದರೂ, ದಿಲ್ಲಿಯ ಉಚ್ಚ ನ್ಯಾಯಾಲಯವು 2019ರ ಡಿಸೆಂಬರಿನಲ್ಲಿ ಫೆರಿದ್ ಅಲ್ಲಾನಿ ಅವರ ಮೊಕದ್ದಮೆಯಲ್ಲಿ ತಾಂತ್ರಿಕ ಪರಿಣಾಮವನ್ನು ನೋಡಬೇಕೆಂದು ಹೇಳಿದುದು ಇದೇ ದಿಕ್ಕಿನ ಮಾತು.

ಈ ಬಾಗಿಲನ್ನು ದಾಟಿದ ಮೇಲೆ ಹೊಸತನದ ವಿಚಾರ. ಇಲ್ಲಿ ಪರೀಕ್ಷಕನ ಶಸ್ತ್ರ ಹಳೆಯ ಕಾಗದಗಳು. ಚೌಕಗಳ ಸಂದಿನಲ್ಲಿ ಚುಕ್ಕಿಗಳನ್ನು ನಯಗೊಳಿಸಬಹುದೆಂದು ರೀವ್ ಮತ್ತು ಲಿಮ್ ಎಂಬವರು 1984ರಲ್ಲಿಯೇ ಪ್ರಕಟಿಸಿದ್ದಾರೆ. ಅಷ್ಟನ್ನೇ ಇಂದು ಬೇಡುವ ಅರ್ಜಿಯು ನಿಲ್ಲಲಾರದು. ನಾವು ಮೇಲೆ ಕಂಡ 1, 2, 1 ಎಂಬ ತೂಕಗಳೂ ಅಷ್ಟೆ, 1990ರ ಎಚ್.261 ಮಾನಕದಲ್ಲಿ ಅವು ಊಹೆಯ ಸುತ್ತಿನೊಳಗೇ ಕುಳಿತಿದ್ದುವು. ಆದರೆ ಆ ಫಿಲ್ಟರು ತನ್ನ ಚೌಕದ ಒಳಗಷ್ಟೇ ಕೆಲಸಮಾಡುತ್ತಿತ್ತು. ಸಂದನ್ನು ದಾಟಿ ನೆರೆಯ ಚುಕ್ಕಿಯನ್ನು ಮುಟ್ಟುತ್ತಿರಲಿಲ್ಲ. ಒಂದು ಕಾಗದದಲ್ಲಿ ಸಂದು, ಇನ್ನೊಂದರಲ್ಲಿ ಸುತ್ತು. ಎರಡನ್ನೂ ಕೂಡಿಸಿ, ಒರಟುತನವನ್ನು ನೋಡಿ ನಿರ್ಧರಿಸುವ ನಿಯಮವನ್ನು ಸೇರಿಸಿದವನು ಆವಿಷ್ಕಾರ ಮಾಡಿದನೆ, ಅಥವಾ ಬಲ್ಲವನಾದ ಯಾವ ಎಂಜಿನಿಯರನೂ ಮಾಡುವಷ್ಟನ್ನೇ ಮಾಡಿದನೆ? ಕಾಯಿದೆಯು ಕೇಳುವ ಮುಖ್ಯ ಪ್ರಶ್ನೆ ಇದೇ.

ಉತ್ತರವು ಸುಲಭವಲ್ಲ. ಕಂಡ ಮೇಲೆ ಎಲ್ಲವೂ ಸರಳವಾಗಿಯೇ ತೋರುವುದು. ಅಹಮದ್ ಅವರು 1972ರಲ್ಲಿ ತಮ್ಮ ಕಲ್ಪನೆಗೆ ಅಮೇರಿಕೆಯ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದಿಂದ ಧನಸಹಾಯವನ್ನು ಬೇಡಿದಾಗ ಅದು ದೊರೆಯಲಿಲ್ಲ. ವಿಮರ್ಶಕರೊಬ್ಬರಿಗೆ ಆ ಕಲ್ಪನೆಯು ತೀರ ಸರಳವಾಗಿ ಕಂಡಿತ್ತೆಂದು ಅವರೇ ಬಳಿಕ ಬರೆದಿದ್ದಾರೆ. ಇಂದು ನಮ್ಮ ಕೈಯಲ್ಲಿರುವ ಬಹುತೇಕ ಛಾಯಾಚಿತ್ರಗಳೂ ವೀಡಿಯೋಗಳೂ ಆ ಸರಳ ವಿಧಾನವನ್ನೋ ಅದರ ಪೂರ್ಣಾಂಕ ರೂಪವನ್ನೋ ಆಶ್ರಯಿಸಿವೆ. ಸರಳವಾದುದು ಬೇರೆ, ಎಲ್ಲರಿಗೂ ಹೊಳೆಯುವಂಥದು ಬೇರೆ. ಪರೀಕ್ಷಕನು ಅರ್ಜಿಯನ್ನು ಓದಿದ ಬಳಿಕವೂ ಓದದವನಂತೆ ಹಿಂದಿನ ದಿನಕ್ಕೆ ಹೋಗಿ ಯೋಚಿಸಬೇಕು. ಇದು ಮನುಷ್ಯನ ಮನಸ್ಸಿಗೆ ಒಗ್ಗದ ವ್ಯಾಯಾಮ. ಹಾಗೆಂದು ಕೇಳಿದುದನ್ನೆಲ್ಲ ಕೊಟ್ಟರೂ ಅನ್ಯಾಯವೇ. 2013ರ ಮಾನಕವು ಮತ್ತೊಂದು ಫಿಲ್ಟರನ್ನು ಸೇರಿಸಿತು, 2020ರದು ಇನ್ನೂ ಒಂದನ್ನು. ಈ ಕೊನೆಯದರ ಹಿಂದಿರುವ ತತ್ತ್ವವು ನಾರ್ಬರ್ಟ್ ವೀನರ್ ಎಂಬ ಗಣಿತಜ್ಞನು 1940ರ ದಶಕದಲ್ಲಿ ಬೆಳೆಸಿದುದು. ಮುಕ್ತವಾಗಿ ಪ್ರಕಟವಾದ ತಳಪಾಯದ ಮೇಲೆ ಸುಂಕದ ಕಟ್ಟೆಗಳು ಏಳಬಾರದೆಂಬ ಕಳವಳ ನಮಗೂ ಇದೆ. ಸುಂಕವಿಲ್ಲದ ದಾರಿಯನ್ನು ಬಯಸಿ ಕೆಲವು ದೊಡ್ಡ ಕಂಪನಿಗಳೇ ಕೂಡಿ 2018ರಲ್ಲಿ ಎವಿ1 ಎಂಬ ಬೇರೆ ವಿಧಾನವನ್ನು ಹೊರತಂದುವು.

ಆದುದರಿಂದ ನಮ್ಮ ಅಭಿಪ್ರಾಯದಲ್ಲಿ ಪರೀಕ್ಷಕನು ನೋಡಬೇಕಾದುದು ಕೂಡುವ ಭಾಗಿಸುವ ಲೆಕ್ಕವನ್ನಲ್ಲ, ಕೂವೆಮರವನ್ನೂ ಆಕಾಶವನ್ನೂ ಬೇರ್ಪಡಿಸುವ ನಿಯಮವನ್ನು. ಆ ನಿಯಮವೇ ಹೊಸದಾಗಿದ್ದು, ಅಷ್ಟೇ ಬಿಟ್ಟಿನಲ್ಲಿ ಚಿತ್ರವು ಉತ್ತಮವಾಗುವುದನ್ನು ಅರ್ಜಿಯು ತೋರಿಸಿದರೆ ಹಕ್ಕನ್ನು ಕೊಡಬಹುದು. ಅದೂ ಆ ನಿಯಮದಷ್ಟಕ್ಕೇ, ಎಲ್ಲ ಬಗೆಯ ನಯಗೊಳಿಸುವಿಕೆಗೂ ಅಲ್ಲ.

ಕಾರವಾರದ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬಳು ಕಡಲಿನ ತೆರೆಗಳಿಗೆ ಒಪ್ಪುವ ಫಿಲ್ಟರೊಂದನ್ನು ರಚಿಸಿದಳೆಂದರೆ ಅವಳ ಹಾದಿ ಹೀಗೆ: ವ್ಯಕ್ತಿಗಳಿಗೆ ಅರ್ಜಿಯ ಶುಲ್ಕ 1600 ರೂಪಾಯಿ, ಪರೀಕ್ಷೆಯ ಕೋರಿಕೆಗೆ 4000 ರೂಪಾಯಿ, 2021ರಿಂದ ವಿದ್ಯಾಸಂಸ್ಥೆಗಳಿಗೂ ಇದೇ ದರ. ಅರ್ಜಿಯು ಸಾಮಾನ್ಯವಾಗಿ 18 ತಿಂಗಳ ಬಳಿಕ ಪ್ರಕಟವಾಗುವುದು. ಪರೀಕ್ಷೆಯು ತಾನಾಗಿ ನಡೆಯದು. 2024ರ ನಿಯಮದಂತೆ 31 ತಿಂಗಳೊಳಗೆ ಕೇಳಿಕೊಳ್ಳಬೇಕು. ಆಕ್ಷೇಪಗಳ ಪತ್ರ ಬಂದರೆ ಉತ್ತರಕ್ಕೆ ಆರು ತಿಂಗಳು. ಪರೀಕ್ಷಕನು ವರದಿ ಮಾಡುವನು, ತೀರ್ಮಾನಿಸುವವನು ಕಂಟ್ರೋಲರನು. ಈ ನಡುವೆ ಅರ್ಜಿಯು ಪ್ರಕಟವಾದಂದಿನಿಂದ ಹಕ್ಕು ದೊರೆಯುವವರೆಗೆ ಯಾರು ಬೇಕಾದರೂ, ಅಂಕೋಲೆಯ ಅಂಗಡಿಯವನೂ ಕೂಡ, ಇದು ಹಳೆಯದೆಂದು ಆಧಾರದೊಡನೆ ವಿರೋಧವನ್ನು ಸಲ್ಲಿಸಬಹುದು. ಒಂದು ಎಚ್ಚರ ಮಾತ್ರ ಅವಳಿಗೆ ಬೇಕು: ಅರ್ಜಿಗೆ ಮೊದಲೇ ತನ್ನ ಫಿಲ್ಟರಿನ ಗುಟ್ಟನ್ನು ಬಿಡಿಸಿ ವೀಡಿಯೋದಲ್ಲಿ ಊರಿಗೆಲ್ಲ ತೋರಿಸಿಬಿಟ್ಟರೆ, ಅವಳ ವಿರುದ್ಧ ಪರೀಕ್ಷಕನು ಎತ್ತಿ ತೋರಿಸುವ ಮೊದಲನೆಯ ಹಳೆಯ ಕಾಗದವು ಅದೇ ಆಗಬಹುದು.