ನಿರಾಶ್ರಿತರ ಮನೋವ್ಯಥೆ ಮತ್ತು ಅನುವಾದದ ಹೊಣೆ

ವಾಕಡದ ನೆರೆಯ ಪಿಂಪರಿಯಲ್ಲಿ 1947ರ ದೇಶವಿಭಜನೆಯ ತರುವಾಯ ಸಿಂಧೀ ನಿರಾಶ್ರಿತರು ನೆಲೆಸಿದರು. ಆ ಶಿಬಿರವಿಂದು ದೊಡ್ಡ ಪೇಟೆಯಾಗಿದೆ. ಇಂತಹ ಪುನರ್ವಸತಿಯನ್ನು ನಾವು ಸಾಮಾನ್ಯವಾಗಿ ಮನೆ, ಭೂಮಿ, ವ್ಯಾಪಾರಗಳಿಂದ ಅಳೆಯುತ್ತೇವೆ. ಮನಸ್ಸಿನ ನೋವು ಆ ಅಳತೆಗೆ ಸಿಕ್ಕುವುದಿಲ್ಲ. ಅದನ್ನು ಅರಿಯಲು ನಿರಾಶ್ರಿತರ ನುಡಿಯನ್ನೇ ಅರಿಯಬೇಕೆಂಬುದಕ್ಕೆ ಕರ್ನಾಟಕದ ಟಿಬೆಟನ್ ನೆಲೆಗಳು ನಿದರ್ಶನ.

1960ರ ದಶಕದಲ್ಲಿ ಬೈಲಕುಪ್ಪೆ, ಮುಂಡಗೋಡಗಳಿಗೆ ಬಂದ ಟಿಬೆಟನ್ನರ ವೈದ್ಯಪರಂಪರೆಯು ದುಃಖ, ಚಿಂತೆ, ನಿದ್ರಾಹೀನತೆಗಳನ್ನು 'ಸೊಕ್‌ಲುಂಗ್' ಎಂಬ ವ್ಯಾಧಿಯೊಡನೆ ಜೋಡಿಸುತ್ತದೆ. 'ಸೊಕ್' ಎಂದರೆ ಪ್ರಾಣ, 'ಲುಂಗ್' ಎಂದರೆ ವಾಯು. ಈ ಪರಿಭಾಷೆ ನಮಗೆ ಪರಕೀಯವಲ್ಲ. ವಾಗ್ಭಟನ 'ಅಷ್ಟಾಂಗಹೃದಯ'ವು ಹನ್ನೊಂದನೆಯ ಶತಮಾನದಲ್ಲಿ ಟಿಬೆಟನ್ ಭಾಷೆಗೆ ಅನುವಾದಗೊಂಡು, ಅಲ್ಲಿನ ವೈದ್ಯಗ್ರಂಥ 'ಗ್ಯುಷಿ'ಗೆ ಮುಖ್ಯ ಆಕರಗಳಲ್ಲೊಂದಾಯಿತು. ಆದರೆ ಇಂದಿನ ಆಡುಗನ್ನಡದಲ್ಲಿ 'ವಾಯು' ಹೊಟ್ಟೆಯುಬ್ಬರವನ್ನೂ 'ವಾತ' ಕೀಲುನೋವನ್ನೂ ಸೂಚಿಸುತ್ತವೆ. ಹೀಗಾಗಿ ವೃದ್ಧೆಯೊಬ್ಬಳ ಅಗಲಿಕೆಯ ಅಳಲು ಅನುವಾದದಲ್ಲಿ ಅಜೀರ್ಣವಾಗಿಬಿಡಬಹುದು.

ಬೈಲಕುಪ್ಪೆಯ ಸೆರಾ, ಮುಂಡಗೋಡಿನ ಡ್ರೆಪುಂಗ್ ಹಾಗೂ ಗಾಂದೆನ್ ಮಠಗಳು, ನೆರೆಹೊರೆ ಮತ್ತು ಕುಟುಂಬ ಇಂತಹ ಅಳಲಿಗೆ ಆಸರೆಯಾಗಿ ಬಂದಿವೆ. ಯುವಜನರು ನಗರಗಳಿಗೂ ವಿದೇಶಗಳಿಗೂ ತೆರಳುತ್ತಿರುವುದರಿಂದ ಕುಟುಂಬದ ಆಸರೆ ಸಡಿಲಗೊಳ್ಳುತ್ತಿದೆ. ಹಿರಿಯರ ಮಾತನ್ನು ವೈದ್ಯರಿಗೆ ತಿಳಿಯಪಡಿಸಬಲ್ಲವರೂ ಅವರೊಡನೆ ದೂರವಾಗುತ್ತಾರೆ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 18ನೆಯ ಕಲಮು ಸರಕಾರಿ ಸೇವೆಯಲ್ಲಿ ಚಿಕಿತ್ಸೆ ಪಡೆಯುವ ಹಕ್ಕನ್ನು ನಾಗರಿಕರಿಗಷ್ಟೇ ಅಲ್ಲ, ಪ್ರತಿಯೊಬ್ಬ ವ್ಯಕ್ತಿಗೂ ನೀಡಿದೆ. ಆದರೆ ರೋಗಿಯ ಮಾತೇ ತಿಳಿಯದೆಡೆ ಹಕ್ಕು ಕಾಗದದಲ್ಲಿಯೇ ಉಳಿಯುತ್ತದೆ. ಆದುದರಿಂದ ಕನ್ನಡ-ಟಿಬೆಟನ್ ವ್ಯಾಧಿಪದಕೋಶವನ್ನೂ ತರಬೇತಿ ಪಡೆದ ದುಭಾಷಿಗಳನ್ನೂ ಚಿಕಿತ್ಸೆಯ ಅಂಗವೆಂದೇ ಪರಿಗಣಿಸಬೇಕು. ಕೋಶದ ಕೆಲಸ ವೈದ್ಯರೊಬ್ಬರಿಂದಲೇ ಆಗುವಂಥದಲ್ಲ. ಭಾಷಾಧ್ಯಯನದಲ್ಲಿ ತೊಡಗಿರುವ ನಮ್ಮೆಲ್ಲರ ಪಾಲೂ ಅದರಲ್ಲಿದೆ.