‘ರಾಜ್ಯ ಸರ್ಕಾರ’ ಪಾಠಕ್ಕೆ ಮಾರ್ಪಾಡಿಯಿಂದ ಒಂದು ಉದಾಹರಣೆ

ಅಭ್ಯಾಸ ಬೋಧನೆಯ ಎರಡನೇ ವಾರ. ಒಂಬತ್ತನೆಯ ತರಗತಿಯಲ್ಲಿ ‘ರಾಜ್ಯ ಸರ್ಕಾರ’ ಪಾಠ ನಡೆಯುತ್ತಿತ್ತು. ನಾನು ಹಿಂದಿನ ಬೆಂಚಿನಲ್ಲಿ ಕುಳಿತು ಅವಲೋಕನ ಬರೆಯುತ್ತಿದ್ದೆ. ನಡುವೆ ಒಬ್ಬ ಹುಡುಗ ಎದ್ದು, “ಸರ್, ಅಮೆರಿಕದಲ್ಲಿ ಗವರ್ನರ್ ಚುನಾವಣೆ ಅಂತ ಟಿ.ವಿ.ಯಲ್ಲಿ ಹೇಳ್ತಾರಲ್ಲ, ನಮ್ಮ ಗವರ್ನರಿಗೆ ಯಾಕೆ ಓಟಿಲ್ಲ?” ಎಂದು ಕೇಳಿದ. ಪ್ರಶಿಕ್ಷಣಾರ್ಥಿ ತುಸು ತಡವರಿಸಿ, “ಅದು ಪರೀಕ್ಷೆಗೆ ಬರುವುದಿಲ್ಲ” ಎಂದು ಕೂರಿಸಿದರು. ಪಾಠ ಟಿಪ್ಪಣಿಯಲ್ಲಿ ಬರೆದದ್ದೆಲ್ಲ ಮುಗಿಯಿತು. ಕೊನೆಗೆ ಮೌಲ್ಯಮಾಪನದಲ್ಲಿ “ಮುಖ್ಯಮಂತ್ರಿಯನ್ನು ಯಾರು ಆರಿಸುತ್ತಾರೆ?” ಎಂಬ ಪ್ರಶ್ನೆಗೆ ಇಡೀ ತರಗತಿ “ಜನರು” ಎಂದಿತು. ಪ್ರಶಿಕ್ಷಣಾರ್ಥಿ “ಸರಿ” ಎಂದು ಕರಿಹಲಗೆ ಒರೆಸಿದರು.

ಸರಿಯಲ್ಲ. ಇನ್ನು ನಾಲ್ಕು ವರ್ಷಕ್ಕೆ ಮತ ಹಾಕಲಿರುವ ಮಕ್ಕಳು ಅವರು. ಆ ಹುಡುಗನ ಪ್ರಶ್ನೆಯನ್ನು ಕೈಗೆತ್ತಿಕೊಂಡಿದ್ದರೆ ಈ ತಪ್ಪು ಅಲ್ಲೇ ತಿದ್ದುತ್ತಿತ್ತು.

ಗೊಂದಲ ಇರುವುದು ಒಂದೇ ಹೆಸರು ಎರಡು ಬೇರೆ ಹುದ್ದೆಗಳಿಗೆ ಇರುವುದರಲ್ಲಿ. ಅಮೆರಿಕದ ಗವರ್ನರನ್ನು ಆಯಾ ರಾಜ್ಯದ ಮತದಾರರೇ ನೇರವಾಗಿ ಆರಿಸುತ್ತಾರೆ. ನ್ಯೂ ಹ್ಯಾಂಪ್‌ಶೈರ್ ಮತ್ತು ವರ್ಮಾಂಟ್‌ಗಳಲ್ಲಿ 2 ವರ್ಷಕ್ಕೆ, ಉಳಿದ 48 ರಾಜ್ಯಗಳಲ್ಲಿ 4 ವರ್ಷಕ್ಕೆ. ಶಾಸನಸಭೆಯಲ್ಲಿ ಎದುರು ಪಕ್ಷಕ್ಕೆ ಬಹುಮತ ಬಂದರೂ ಅವರ ಕುರ್ಚಿ ಅಲುಗಾಡುವುದಿಲ್ಲ. ನಮ್ಮ ರಾಜ್ಯಪಾಲರನ್ನು ರಾಷ್ಟ್ರಪತಿಗಳು ನೇಮಿಸುತ್ತಾರೆ. ಅಮೆರಿಕದ ಗವರ್ನರ್ ಮಾಡುವ ಕೆಲಸ ಇಲ್ಲಿ ಮುಖ್ಯಮಂತ್ರಿಯದು. ಆದರೆ ಮುಖ್ಯಮಂತ್ರಿ ಆ ಸ್ಥಾನಕ್ಕೆ ಬರುವ ದಾರಿಯೇ ಬೇರೆ, ಇಳಿಯುವ ದಾರಿಯೂ ಬೇರೆ. ಇದನ್ನು ಸಂವಿಧಾನದ 164ನೇ ವಿಧಿಯಿಂದ ಓದಿ ಹೇಳಿದರೆ ಮಕ್ಕಳು ಆಕಳಿಸುತ್ತಾರೆ. ಒಬ್ಬರ ಬದುಕಿನಿಂದ ಹೇಳಿದರೆ ಕೇಳುತ್ತಾರೆ. ಆ ಒಬ್ಬರನ್ನು ಹುಡುಕಿಕೊಂಡು ನಾವು ದೂರ ಹೋಗಬೇಕಿಲ್ಲ. ಉಜಿರೆಯಿಂದ ಗುರುವಾಯನಕೆರೆ, ವೇಣೂರು ದಾಟಿದರೆ ಮೂಡುಬಿದಿರೆ. ಅಲ್ಲಿನ ಮಾರ್ಪಾಡಿಯಲ್ಲಿ 1940ರ ಜನವರಿ 12ರಂದು ಹುಟ್ಟಿದವರು ಎಂ. ವೀರಪ್ಪ ಮೊಯಿಲಿ.

ಸಂಖ್ಯಾಬಲವಿಲ್ಲದ, ದೇವಸ್ಥಾನದ ವಾದ್ಯಸೇವೆಯ ಹಿನ್ನೆಲೆಯ ದೇವಾಡಿಗ ಸಮುದಾಯದವರು. ಕಾನೂನು ಓದಿ ವಕೀಲರಾದರು. 1972ರಲ್ಲಿ ಕಾರ್ಕಳದಿಂದ ವಿಧಾನಸಭೆಗೆ ಆರಿಸಿ ಬಂದರು. 1994ರವರೆಗೆ ಅದೇ ಕ್ಷೇತ್ರದಿಂದ ಸತತ ಆರು ಗೆಲುವು. ದೇವರಾಜ ಅರಸರ ಸಂಪುಟದಲ್ಲಿ ಸಣ್ಣ ಕೈಗಾರಿಕೆ, ಗುಂಡೂರಾಯರ ಸಂಪುಟದಲ್ಲಿ ಹಣಕಾಸು. 1983ರಲ್ಲಿ ಕಾಂಗ್ರೆಸ್ ಸೋತಾಗ ವಿರೋಧ ಪಕ್ಷದ ನಾಯಕ. ಇಷ್ಟನ್ನು ಬೇಗ ಹೇಳಿ ಮುಗಿಸಿ. ನಿಲ್ಲಬೇಕಾದದ್ದು 1989ರಲ್ಲಿ.

ಆ ವರ್ಷದ ಚುನಾವಣೆಯಲ್ಲಿ 224 ಸ್ಥಾನಗಳ ಪೈಕಿ ಕಾಂಗ್ರೆಸ್ಸಿಗೆ 178 ಸಿಕ್ಕವು. ವೀರೇಂದ್ರ ಪಾಟೀಲರು ಮುಖ್ಯಮಂತ್ರಿಯಾದರು. 1990ರ ಅಕ್ಟೋಬರಿನಲ್ಲಿ ಅವರು ಹೋಗಿ, ಒಂದು ವಾರದ ರಾಷ್ಟ್ರಪತಿ ಆಳ್ವಿಕೆಯ ಬಳಿಕ ಎಸ್. ಬಂಗಾರಪ್ಪ ಬಂದರು. 1992ರ ನವೆಂಬರ್ 19ರಂದು ಮೊಯಿಲಿ. ಜನ ಮತಗಟ್ಟೆಗೆ ಹೋದದ್ದು ಒಂದೇ ಸಲ, ಮುಖ್ಯಮಂತ್ರಿಗಳು ಮೂವರು! ನನ್ನ ಅನುಭವದಲ್ಲಿ ಈ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಬೋಧನೋಪಕರಣ ಇಲ್ಲ. ಚಾರ್ಟು ಕೂಡ ಬೇಡ, ಹಲಗೆಯ ಮೇಲೆ ಒಂದು ಗೆರೆ ಎಳೆದು ಮೂರು ಹೆಸರು ಬರೆದರೆ ಸಾಕು.

ಮೊಯಿಲಿಯವರ ಎರಡು ವರ್ಷಗಳಲ್ಲಿ ನಮ್ಮ ಮಕ್ಕಳನ್ನು ನೇರವಾಗಿ ಮುಟ್ಟುವುದು ಸಿಇಟಿ. ಪಿಯು ಕಾಲೇಜುಗಳು ರಸ್ತೆ ಬದಿಯಲ್ಲಿ ಹಾಕುವ ರ‍್ಯಾಂಕಿನ ಫಲಕಗಳನ್ನು ನೋಡುತ್ತಲೇ ಬೆಳೆಯುವ ಮಕ್ಕಳು ಇವರು. ಅದು ಎಲ್ಲಿಂದ ಬಂತೆಂದು ಯಾರೂ ಹೇಳಿರುವುದಿಲ್ಲ. ಖಾಸಗಿ ವೃತ್ತಿಶಿಕ್ಷಣ ಕಾಲೇಜುಗಳಲ್ಲಿ ಕ್ಯಾಪಿಟೇಷನ್ ಕೊಟ್ಟು ಸೀಟು ಪಡೆಯುವುದು ಆಗ ನಡೆದೇ ಇತ್ತು. 1992ರ ಮೋಹಿನಿ ಜೈನ್ ಪ್ರಕರಣ ನಮ್ಮ ರಾಜ್ಯದ್ದೇ, ತುಮಕೂರಿನ ವೈದ್ಯಕೀಯ ಸೀಟಿನ ಶುಲ್ಕದಿಂದ ಹುಟ್ಟಿದ್ದು. ಮರುವರ್ಷ ಉನ್ನಿಕೃಷ್ಣನ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಸೀಟುಗಳನ್ನು ಅರ್ಧ ಉಚಿತ, ಅರ್ಧ ಶುಲ್ಕದ ಸೀಟು ಎಂದು ಹಂಚಿ, ಅರ್ಹತೆಯ ಮೇಲೆಯೇ ತುಂಬಬೇಕೆಂದಿತು. ಕರ್ನಾಟಕದಲ್ಲಿ 1994ರಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆ ಬಂತು. ಅದರ ಶ್ರೇಯಸ್ಸನ್ನೆಲ್ಲ ಒಬ್ಬರಿಗೇ ಕೊಡುವ ಅಭ್ಯಾಸ ಭಾಷಣಗಳಲ್ಲಿದೆ. ನ್ಯಾಯಾಲಯ ಬಾಗಿಲು ತೆರೆಯಿತು, ಸರ್ಕಾರ ಹಿಂಜರಿಯದೆ ಒಳಗೆ ಹೋಯಿತು ಎಂದು ಹೇಳುವುದು ನ್ಯಾಯ. 2002ರಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಆ ಹಂಚಿಕೆಯನ್ನು ತಳ್ಳಿಹಾಕಿತು. ಪರೀಕ್ಷೆ ಮಾತ್ರ ಉಳಿಯಿತು.

ಹೊಗಳಿಕೆಯ ಪಾಠವೂ ಆಗಬಾರದು. ಹುಬ್ಬಳ್ಳಿ ಈದ್ಗಾ ಮೈದಾನದ ಗೋಲಿಬಾರು, ದೂರದರ್ಶನದ ಉರ್ದು ವಾರ್ತೆಯ ವಿಷಯದಲ್ಲಿ ಬೆಂಗಳೂರಿನಲ್ಲಿ ಎದ್ದ ಗಲಭೆ ಎರಡೂ 1994ರವು, ಅವರ ಆಡಳಿತದವೇ. ಆ ವರ್ಷದ ಕೊನೆಗೆ ನಡೆದ ಚುನಾವಣೆಯಲ್ಲಿ ಕಾಂಗ್ರೆಸ್ 34 ಸ್ಥಾನಕ್ಕೆ ಇಳಿಯಿತು. ಕಾರ್ಕಳದಲ್ಲಿ ಮೊಯಿಲಿ ಗೆದ್ದರು, ಆದರೂ ಡಿಸೆಂಬರ್ 11ರಂದು ಎಚ್.ಡಿ. ದೇವೇಗೌಡರು ಮುಖ್ಯಮಂತ್ರಿಯಾದರು. ತಾನು ಗೆದ್ದೂ ಕುರ್ಚಿ ಹೋಗುವುದು ಹೇಗೆ ಎಂದು ಇಲ್ಲಿ ಮಕ್ಕಳನ್ನು ಕೇಳಿ. ಉತ್ತರ ಅವರಿಂದಲೇ ಬರುತ್ತದೆ.

ಮುಂದಿನದು ದೀರ್ಘವಾದರೂ ಈ ಪಾಠಕ್ಕೆ ಅಷ್ಟಾಗಿ ಬೇಡ: ಆಡಳಿತ ಸುಧಾರಣಾ ಆಯೋಗ, ಚಿಕ್ಕಬಳ್ಳಾಪುರದಿಂದ ಲೋಕಸಭೆ, ಕೇಂದ್ರದಲ್ಲಿ ಕಾನೂನು ಮತ್ತು ಪೆಟ್ರೋಲಿಯಂ ಖಾತೆಗಳು. ಕನ್ನಡ ಅಧ್ಯಾಪಕರು ‘ಶ್ರೀ ರಾಮಾಯಣ ಮಹಾನ್ವೇಷಣಂ’ ಕಾವ್ಯವನ್ನು ಹೆಸರಿಸಲಿ, ಅಡ್ಡಿಯಿಲ್ಲ. 2004ರಲ್ಲಿ ಮಂಗಳೂರು ಲೋಕಸಭಾ ಕ್ಷೇತ್ರದಲ್ಲಿ ಅವರನ್ನು ಸೋಲಿಸಿದ ಸುಳ್ಯದ ಮಂಡೆಕೋಲಿನ ಡಿ.ವಿ. ಸದಾನಂದ ಗೌಡರು ಮಾತ್ರ ನಮಗೆ ಮತ್ತೆ ಬೇಕಾಗುತ್ತಾರೆ. 2011ರ ಆಗಸ್ಟ್ 4ರಂದು ಮುಖ್ಯಮಂತ್ರಿಯಾದಾಗ ಅವರು ಶಾಸಕರೇ ಆಗಿರಲಿಲ್ಲ, ಸಂಸದರಾಗಿದ್ದರು. ಆರು ತಿಂಗಳೊಳಗೆ ಯಾವುದಾದರೊಂದು ಸದನದ ಸದಸ್ಯರಾಗಬೇಕೆಂಬ ನಿಯಮದಂತೆ ಡಿಸೆಂಬರಿನಲ್ಲಿ ವಿಧಾನ ಪರಿಷತ್ತಿಗೆ ಬಂದರು. ಆ ವಿಧಾನಸಭೆಯೂ ಯಡಿಯೂರಪ್ಪ, ಸದಾನಂದ ಗೌಡ, ಜಗದೀಶ ಶೆಟ್ಟರ್ ಎಂದು ಮೂವರನ್ನು ಕಂಡಿತು.

ಅದೇ ಪ್ರಶಿಕ್ಷಣಾರ್ಥಿ ಮರುವಾರ ಇನ್ನೊಂದು ವಿಭಾಗದಲ್ಲಿ ಈ ಪಾಠವನ್ನು ಹೊಸದಾಗಿ ಮಾಡಿದರು. ಹಲಗೆಯ ಮೇಲೆ ಗೆರೆ, ಮೂರು ಹೆಸರು, ಪಕ್ಕದಲ್ಲಿ ಅಮೆರಿಕದ್ದೊಂದು ಗೆರೆ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎರಡನ್ನೂ ನೋಡಿ, “ಹಾಗಾದ್ರೆ ಸರ್, ನಡುವೆ ಬದಲಾಯಿಸುವಾಗ ನಮ್ಮನ್ನು ಯಾಕೆ ಕೇಳುವುದಿಲ್ಲ?” ಎಂದಳು. ಅಷ್ಟರಲ್ಲಿ ಗಂಟೆ ಹೊಡೆಯಿತು. ಪ್ರಶಿಕ್ಷಣಾರ್ಥಿ ಆ ಪ್ರಶ್ನೆಯನ್ನು ಹಲಗೆಯ ಮೂಲೆಯಲ್ಲಿ ಬರೆದು, ಒರೆಸಬೇಡಿ ಎಂದು ಹೇಳಿ ಹೊರಬಂದರು.